ಗ್ಯಾಸ್‌ನಿಂದ ತಯಾರಾಗುವ ಕರೆಂಟಿಗೆ ಹಾಕಿದ ದುಡ್ಡು ಸುಸ್ಥಿರ ಹೂಡಿಕೆಯೇ?

ನೈಸರ್ಗಿಕ ಅನಿಲದ ವಿದ್ಯುತ್ ಸ್ಥಾವರಗಳನ್ನು ಯುರೋಪಿನವರು ಹಸಿರು ಹೂಡಿಕೆಯ ಪಟ್ಟಿಗೆ ಸೇರಿಸಿದ್ದಾರಲ್ಲ, ಅದು ಸರಿಯೇ ಎಂದು ಕೇಳಿದ್ದೀರಿ. ಸರಿಯಲ್ಲ ಎಂದೇ ನಾನು ಹೇಳುತ್ತೇನೆ. ಗ್ಯಾಸ್ ಸ್ಥಾವರಗಳು ಇನ್ನೂ ಕೆಲವು ವರ್ಷ ಬೇಕಾಗಬಹುದು. ಸಂಜೆ ಬಿಸಿಲು ಹೋದ ಮೇಲೆ, ಗಾಳಿಯೂ ಇಲ್ಲದಾಗ ಅವನ್ನು ಬೇಗ ಚಾಲೂ ಮಾಡಬಹುದು. ಹಾಗಂತ ಬೇಕಾದದ್ದಕ್ಕೆಲ್ಲ ಹಸಿರು ಹಣೆಪಟ್ಟಿ ಅಂಟಿಸಲು ಆಗುವುದಿಲ್ಲ ಅಲ್ವಾ?

ಯುರೋಪಿಯನ್ ಒಕ್ಕೂಟದ ಆಡಳಿತ ನಡೆಸುವ ಯುರೋಪಿಯನ್ ಕಮಿಷನ್ ತನ್ನ ‘ಟ್ಯಾಕ್ಸಾನಮಿ’ಗೆ, ಅಂದರೆ ಹಸಿರು ಹೂಡಿಕೆಗಳ ಪಟ್ಟಿಗೆ, ಗ್ಯಾಸ್ ಮತ್ತು ಅಣುವಿದ್ಯುತ್ತನ್ನು ಸೇರಿಸಿದ್ದು 2022ರಲ್ಲಿ. ಅದರದೇ ಸಲಹಾ ತಜ್ಞರು ಗ್ಯಾಸ್‌ನ ಷರತ್ತುಗಳನ್ನು ಒಪ್ಪಿರಲಿಲ್ಲ. ಆ ಜುಲೈನಲ್ಲಿ ಯುರೋಪಿಯನ್ ಪಾರ್ಲಿಮೆಂಟಿನಲ್ಲಿ ಇದನ್ನು ತಳ್ಳಿಹಾಕಲು 353 ಮತ ಬೇಕಿತ್ತು, ಸಿಕ್ಕಿದ್ದು 278. ಆಸ್ಟ್ರಿಯಾ ದೇಶ ಇದರ ವಿರುದ್ಧ ಯುರೋಪಿಯನ್ ಒಕ್ಕೂಟದ ಕೋರ್ಟಿಗೆ ಹೋಯಿತು. 2025ರ ಸೆಪ್ಟೆಂಬರ್‌ನಲ್ಲಿ ಅಲ್ಲೂ ಸೋತಿತು.

ಈಗ ಆ ಷರತ್ತುಗಳನ್ನೇ ನೋಡಿ. 2030ರೊಳಗೆ ಪರವಾನಗಿ ಪಡೆದ ಸ್ಥಾವರ ಒಂದು ಯೂನಿಟ್ ಕರೆಂಟಿಗೆ 270 ಗ್ರಾಂಗಿಂತ ಕಡಿಮೆ ಇಂಗಾಲದ ಡೈಆಕ್ಸೈಡ್ ಬಿಡಬೇಕು. ಒಳ್ಳೆಯ ಹೊಸ ಕಂಬೈನ್ಡ್ ಸೈಕಲ್ ಸ್ಥಾವರವೇ (ಗ್ಯಾಸ್ ಟರ್ಬೈನಿನಿಂದ ಹೊರಬರುವ ಬಿಸಿಯಿಂದಲೂ ಕರೆಂಟು ತೆಗೆಯುವಂಥದ್ದು) ಸುಮಾರು 350 ಗ್ರಾಂ ಬಿಡುತ್ತದೆ. ಬರೀ ಗ್ಯಾಸ್ ಉರಿಸಿ ಪಾಸಾಗುವುದು ಕಷ್ಟ. ಅದಕ್ಕೇ ಇನ್ನೊಂದು ದಾರಿ ಇಟ್ಟಿದ್ದಾರೆ: ಒಂದು ಕಿಲೋವ್ಯಾಟ್ ಸಾಮರ್ಥ್ಯಕ್ಕೆ ವರ್ಷಕ್ಕೆ 550 ಕೆಜಿ, ಅದೂ 20 ವರ್ಷದ ಸರಾಸರಿಯಲ್ಲಿ. ಯೂನಿಟ್‌ಗೆ 350 ಗ್ರಾಂನಂತೆ ಲೆಕ್ಕ ಹಾಕಿದರೆ ವರ್ಷದ 8,760 ಗಂಟೆಗಳಲ್ಲಿ ಸುಮಾರು 1,570 ಗಂಟೆ ಪೂರ್ತಿ ಓಡಿಸಬಹುದು ಅಷ್ಟೆ. ಜಾಸ್ತಿ ಹೊತ್ತು ನಿಂತಿದ್ದರೆ ಮಾತ್ರ ಇದು ಹಸಿರು ಎಂದು ನಿಯಮವೇ ಒಪ್ಪಿಕೊಂಡಂತಾಯಿತು.

ನನಗೆ ಸಿಟ್ಟು ಬರುವುದು ಆ ‘ಸರಾಸರಿ’ಯ ಮೇಲೆ. ಮೊದಲ ವರ್ಷಗಳಲ್ಲಿ ಚೆನ್ನಾಗಿ ಓಡಿಸಿ, ಮುಂದೆ ಕಡಿಮೆ ಮಾಡುತ್ತೇವೆ ಎಂದು ಮಾತು ಕೊಟ್ಟರೆ ಸಾಕು. 2035ರ ಕೊನೆಗೆ ಪೂರ್ತಿ ಹೈಡ್ರೋಜನ್ ಅಥವಾ ಅಂಥ ಕಡಿಮೆ ಇಂಗಾಲದ ಅನಿಲಕ್ಕೆ ಬದಲಾಗಬೇಕು ಎಂಬ ಷರತ್ತೂ ಇದೆ. ಅಷ್ಟು ಹೈಡ್ರೋಜನ್ ಅಗ್ಗವಾಗಿ ಸಿಗುತ್ತದೆ ಎಂಬ ಭರವಸೆಯ ಮೇಲೆ ಜನರ ಉಳಿತಾಯದ ದುಡ್ಡನ್ನು ಇವತ್ತೇ ಹಸಿರು ಎಂದು ಕರೆಯುವುದು ತಪ್ಪು.

ಇನ್ನು ಮೀಥೇನ್. ನೈಸರ್ಗಿಕ ಅನಿಲದ ಬಹುಪಾಲು ಇದೇ. ಮೇಲಿನ ಎರಡೂ ಲೆಕ್ಕ ಸ್ಥಾವರದ ಚಿಮಣಿಯದು ಮಾತ್ರ. ಬಾವಿಯಲ್ಲಿ, ಪೈಪಿನಲ್ಲಿ ಸೋರುವ ಗ್ಯಾಸ್ ಅದರಲ್ಲಿ ಬರುವುದಿಲ್ಲ. 20 ವರ್ಷದ ಅವಧಿಯಲ್ಲಿ ಮೀಥೇನ್ ಇಂಗಾಲದ ಡೈಆಕ್ಸೈಡ್‌ಗಿಂತ 80 ಪಟ್ಟಿಗೂ ಹೆಚ್ಚು ಬಿಸಿ ಹಿಡಿದಿಡುತ್ತದೆ. ಕಲ್ಲಿದ್ದಲಿಗಿಂತ ಅರ್ಧಕ್ಕೂ ಕಡಿಮೆ ಹೊಗೆ ಎಂಬ ಮಾತು ಸೋರಿಕೆ ಹೆಚ್ಚಾದಷ್ಟೂ ಸುಳ್ಳಾಗುತ್ತಾ ಹೋಗುತ್ತದೆ.

ಈ ವಿಷಯದಲ್ಲಿ ಭಾರತದ ನಡೆ ನನಗೆ ಹಿಡಿಸಿತು. 2022ರ ನವೆಂಬರ್‌ನಲ್ಲಿ ಬಂದ ಸಾವರಿನ್ ಗ್ರೀನ್ ಬಾಂಡ್ (ಹಸಿರು ಯೋಜನೆಗಳಿಗೆಂದು ಸರ್ಕಾರ ಎತ್ತುವ ಸಾಲ) ನಿಯಮದ ಪ್ರಕಾರ, ಪಳೆಯುಳಿಕೆ ಇಂಧನವೇ ಮುಖ್ಯವಾಗಿರುವ ಯೋಜನೆಗೆ ಆ ದುಡ್ಡು ಹೋಗುವಂತಿಲ್ಲ. ನಮ್ಮ ಯಲಹಂಕದ 370 ಮೆಗಾವ್ಯಾಟ್ ಗ್ಯಾಸ್ ಸ್ಥಾವರ ಕರೆಂಟು ಕೊಡಲಿ, ಯಾರು ಬೇಡ ಅಂತಾರೆ? ಅಂಥದ್ದಕ್ಕೆ ಬೇಕಾದ ಬಂಡವಾಳ ಮಾಮೂಲಿ ಸಾಲದಿಂದ ಬರಲಿ.

ನೀವು ಯುರೋಪಿನ ಫಂಡ್ ಒಂದರಲ್ಲಿ ದುಡ್ಡು ಹಾಕುವುದಾದರೆ, ಸುಸ್ಥಿರ ಎಂದು ಮಾರುವ ಫಂಡುಗಳ ದಾಖಲೆಯಲ್ಲಿ ಟ್ಯಾಕ್ಸಾನಮಿಯ ಭಾಗ ಹುಡುಕಿ. ಟ್ಯಾಕ್ಸಾನಮಿ ಒಪ್ಪಿದ ಗ್ಯಾಸ್ ಅಥವಾ ಅಣುವಿದ್ಯುತ್ತಿನಲ್ಲಿ ದುಡ್ಡು ಹಾಕುತ್ತೀರಾ ಎಂಬ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂದು 2023ರಿಂದ ಅವರು ಅಲ್ಲಿ ಬರೆಯಲೇಬೇಕು.