ತಣ್ಣೀರಿಗೆ ಹಲ್ಲು ಜುಮ್ಮೆನ್ನುತ್ತಿದ್ದರೆ

ಚಳಿಗಾಲದ ಬೆಳಿಗ್ಗೆ ನಲ್ಲಿ ನೀರು ತಾಗಿದರೆ ಹಲ್ಲು ಜುಮ್ಮೆನ್ನುತ್ತದೆ, ಉಗುರುಬೆಚ್ಚಗಿನ ನೀರಲ್ಲಿ ಉಜ್ಜಿದರೆ ಹಲ್ಲು ಸರಿಯಾಗಿ ಸ್ವಚ್ಛ ಆಗುತ್ತಾ ಅಂತ ಕೇಳಿದ್ದೀರಿ. ಆಗುತ್ತದೆ, ಧೈರ್ಯವಾಗಿ ಬಳಸಿ. ಕೊಳೆ ತೆಗೆಯುವುದು ಬ್ರಷ್ಷಿನ ಎಳೆಗಳು, ಹುಳುಕು ತಡೆಯುವುದು ಪೇಸ್ಟಿನ ಫ್ಲೋರೈಡ್. ನೀರು ಬಿಸಿಯೋ ತಂಪೋ ಅನ್ನುವುದರಿಂದ ಹೆಚ್ಚೇನೂ ವ್ಯತ್ಯಾಸವಿಲ್ಲ. ತೀರಾ ಬಿಸಿ ಮಾತ್ರ ಬೇಡ, ಬಾಯಿ ಸುಡುತ್ತದೆ, ಎಳೆಗಳೂ ಮೆತ್ತಗಾಗುತ್ತವೆ.

ನನಗೆ ಆ ಜುಮ್ಮೆನ್ನುವುದರ ಬಗ್ಗೆಯೇ ಜಾಸ್ತಿ ಯೋಚನೆ. ಹಲ್ಲಿನ ಮೇಲ್ಪದರವಾದ ಎನಾಮಲ್ ಸವೆದಾಗ, ಇಲ್ಲವೇ ಒಸಡು ಹಿಂದೆ ಸರಿದಾಗ, ಒಳಗಿನ ಡೆಂಟಿನ್ ಬಯಲಾಗುತ್ತದೆ. ಅದರ ತುಂಬಾ ಕಣ್ಣಿಗೆ ಕಾಣದಷ್ಟು ಸಣ್ಣ ಕೊಳವೆಗಳು. ತಣ್ಣೀರು ತಾಗಿದರೆ ಅವುಗಳೊಳಗಿನ ದ್ರವ ಸರ್ರನೆ ಅಲುಗುತ್ತದೆ, ನರಕ್ಕೆ ಚುಚ್ಚಿದ ಹಾಗಾಗುತ್ತದೆ. ಕನ್ನಡಿ ಮುಂದೆ ತುಟಿ ಎತ್ತಿ ನೋಡಿ. ಒಸಡಿನ ಅಂಚಲ್ಲಿ ಹಲ್ಲು ಹಳದಿಯಾಗಿ, ಉಗುರು ಸಿಕ್ಕುವಷ್ಟು ತಗ್ಗಾಗಿದೆಯಾ? ಹಾಗಿದ್ದರೆ ನೀವು ಒತ್ತಿ ಒತ್ತಿ ಉಜ್ಜುತ್ತಿರಬಹುದು. ನನಗೂ ಕೋರೆಹಲ್ಲಿನ ಹತ್ತಿರ ಹಾಗೇ ಆಗಿತ್ತು.

ಸಾಫ್ಟ್ ಬ್ರಷ್ ತಗೊಳ್ಳಿ, ಹಗುರವಾಗಿ 2 ನಿಮಿಷ ಉಜ್ಜಿ. ಜುಮ್ಮೆನ್ನುವುದನ್ನು ತಗ್ಗಿಸುವ ಪೊಟ್ಯಾಸಿಯಂ ನೈಟ್ರೇಟ್ ಇರುವ ಪೇಸ್ಟ್ ಸಿಗುತ್ತದೆ. ಅದು ಒಂದೇ ದಿನಕ್ಕೆ ಕೆಲಸ ಮಾಡಲ್ಲ, ಕೆಲವು ವಾರ ಬಿಡದೆ ಬಳಸಬೇಕು. ಉಜ್ಜಿದ ಮೇಲೆ ನೊರೆ ಉಗುಳಿದರೆ ಸಾಕು. ಸುಮ್ನೆ ನಾಲ್ಕೈದು ಸಲ ಮುಕ್ಕಳಿಸಿದರೆ ಫ್ಲೋರೈಡೂ ತೊಳೆದುಹೋಗುತ್ತದೆ, ಅಲ್ವಾ?

ಒಂದೇ ಹಲ್ಲು ನೋಯುತ್ತಿದ್ದರೆ, ಅಥವಾ ನೀರು ಉಗುಳಿದ ಮೇಲೂ ನೋವು ಹಾಗೇ ಉಳಿದರೆ, ಅದು ಹುಳುಕು ಇರಬಹುದು. ಬಿಸಿನೀರಲ್ಲಿ ದಿನ ದೂಡಬೇಡಿ, ಈ ವಾರವೇ ಹಲ್ಲಿನ ಡಾಕ್ಟರಿಗೆ ತೋರಿಸಿ.