ಸಾಲ ಸಲಹೆಯ ಕಚೇರಿ: ಕಡಿಮೆ ಖರ್ಚಿನಲ್ಲಿ ಪ್ರಚಾರ ಹೇಗೆ?

ಪ್ರಶ್ನೆ: ಸಹಕಾರಿ ಬ್ಯಾಂಕಿನ ಸಾಲ ವಿಭಾಗದಿಂದ ನಿವೃತ್ತನಾಗಿ, ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ಸಾಲದಿಂದ ಕಂಗೆಟ್ಟವರಿಗೆ ಸಲಹೆ ಕೊಡುವ ಸಣ್ಣ ಕಚೇರಿ ತೆರೆದಿದ್ದೇನೆ. ಮೂರು ತಿಂಗಳ ಪ್ರಚಾರಕ್ಕೆ 15,000 ರೂ. ಇದೆ. ‘ಸಾಲದ ಚಿಂತೆಯೇ? ಇಂದೇ ಕರೆ ಮಾಡಿ’ ಎಂಬ ಕರಪತ್ರವನ್ನು ದಿನಪತ್ರಿಕೆಗಳಲ್ಲಿ ಹಾಕಿಸಿದೆ. ಕರೆ ಮಾಡಿದವರೆಲ್ಲ ‘ಸಾಲ ಕೊಡಿಸುತ್ತೀರಾ?’ ಎಂದೇ ಕೇಳಿದರು. ಏನು ತಪ್ಪಾಗಿದೆ?

ಉತ್ತರ: ತಪ್ಪು ಒಕ್ಕಣೆಯದು. ಆ ಸಾಲನ್ನು ಓದಿದವರು ನಿಮ್ಮನ್ನು ಸಾಲದ ಏಜೆಂಟರೆಂದೇ ತಿಳಿಯುತ್ತಾರೆ. ‘ಇಲ್ಲಿ ಸಾಲ ಕೊಡುವುದಿಲ್ಲ, ಕೊಡಿಸುವುದೂ ಇಲ್ಲ’ ಎಂದು ದಪ್ಪ ಅಕ್ಷರದಲ್ಲಿ ಹಾಕಿ. ಅದರ ಕೆಳಗೆ ನೀವು ಮಾಡುವ ಕೆಲಸ: ಕಂತುಗಳ ಲೆಕ್ಕ, ಬ್ಯಾಂಕಿಗೆ ಪತ್ರ, ಕ್ರೆಡಿಟ್ ವರದಿಯ (ಸಾಲ ಪಡೆದು ತೀರಿಸಿದ ದಾಖಲೆಯ) ತಪ್ಪು ತಿದ್ದಿಸುವುದು. ಶುಲ್ಕವನ್ನೂ ಅಂಕಿಯಲ್ಲೇ ಬರೆಯಿರಿ. ‘ಸಾಲಮನ್ನಾ’, ‘ಆರ್‌ಬಿಐ ಮಾನ್ಯತೆ’ ಎಂಬ ಮಾತು ಎಲ್ಲಿಯೂ ಬರಕೂಡದು. ಹಣ ಪಡೆದು ಸಾಲಮನ್ನಾ ಪ್ರಮಾಣಪತ್ರ ಕೊಡುವವರ ಬಗ್ಗೆ ರಿಸರ್ವ್ ಬ್ಯಾಂಕ್ 2023ರ ಡಿಸೆಂಬರ್‌ನಲ್ಲೇ ಎಚ್ಚರಿಕೆ ಕೊಟ್ಟಿದೆ. ಜನ ನಿಮ್ಮನ್ನೂ ಆ ಗುಂಪಿಗೆ ಸೇರಿಸಬಾರದು.

ಕರಪತ್ರದ ಹಿಂಬದಿ ಖಾಲಿ ಬಿಡಬೇಡಿ, ಸಾಲಗಾರರಿಗೆ ಬೇಕಾದ ಈ ಮಾಹಿತಿ ಹಾಕಿ. ವಸೂಲಿ ಏಜೆಂಟರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ. ಬ್ಯಾಂಕಿಗೆ ದೂರು ಕೊಟ್ಟು 30 ದಿನವಾದರೂ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್ (ಗ್ರಾಹಕರ ದೂರು ವಿಚಾರಿಸುವ ಅಧಿಕಾರಿ) ಬಳಿಗೆ ಹೋಗಬಹುದು; ಮಾಹಿತಿಗೆ 14448. ಸಿಬಿಲ್ ಸೇರಿ ನಾಲ್ಕೂ ಕ್ರೆಡಿಟ್ ಮಾಹಿತಿ ಕಂಪನಿಗಳು ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ಇಷ್ಟು ಅಚ್ಚಾಗಿದ್ದರೆ ಆ ಚೀಟಿ ರದ್ದಿಗೆ ಹೋಗದೆ ಮನೆಯಲ್ಲಿ ಉಳಿಯುತ್ತದೆ.

ಇನ್ನೊಂದು ಅಡ್ಡಿ ನಾಚಿಕೆ. ‘ಸಾಲ’ ಎಂದು ಬರೆದ ಬೋರ್ಡಿನ ಕೆಳಗೆ ಪರಿಚಿತರ ಕಣ್ಣಿಗೆ ಬೀಳಲು ಯಾರೂ ಒಪ್ಪುವುದಿಲ್ಲ. ಬೋರ್ಡಿನಲ್ಲಿ ‘ಕುಟುಂಬ ಹಣಕಾಸು ಸಲಹೆ’ ಎಂದಷ್ಟೇ ಇರಲಿ. ಒಬ್ಬರಿಗೂ ಮತ್ತೊಬ್ಬರಿಗೂ ನಡುವೆ ಅರ್ಧ ಗಂಟೆ ಬಿಡಿ. ವಾರದಲ್ಲಿ ಎರಡು ದಿನವಾದರೂ ರಾತ್ರಿ 8ರವರೆಗೆ ತೆರೆದಿಡಿ, ಇಲ್ಲವಾದರೆ ರೈಲ್ವೆ ವರ್ಕ್‌ಶಾಪ್, ಸಾರಿಗೆ ಸಂಸ್ಥೆಯ ನೌಕರರು ಬರಲಾರರು.

ಹಣದ ಹಂಚಿಕೆ ಹೀಗಿರಲಿ: ಬೋರ್ಡಿಗೆ 2,000, ಹೊಸ ಕರಪತ್ರಕ್ಕೆ 3,000, ಲೆಕ್ಕದ ಹಾಳೆಗೆ 4,000. ಉಳಿದ 6,000 ಮೊದಲ ತಿಂಗಳು ಮುಟ್ಟಲೇಬೇಡಿ. ಲೆಕ್ಕದ ಹಾಳೆಯೇ ನಿಮ್ಮ ನಿಜವಾದ ಜಾಹೀರಾತು. ಎ4 ಹಾಳೆಯಲ್ಲಿ ಐದು ಕಾಲಂ: ಸಾಲ ಕೊಟ್ಟವರು, ಬಾಕಿ, ಬಡ್ಡಿ, ಕಂತು, ಕಂತಿನ ತಾರೀಖು. ಕೈಗಡ, ಚಿನ್ನದ ಸಾಲ, ಸಂಘದ ಸಾಲಕ್ಕೂ ಸಾಲು ಇರಲಿ; ಜನ ಬರೆಯಲು ಮರೆಯುವುದು ಇವನ್ನೇ. ಮಹಿಳಾ ಸಂಘದ ಸಭೆಯಲ್ಲಿ ಇಪ್ಪತ್ತು ನಿಮಿಷ ಕೇಳಿ ಪಡೆದು, ಹಾಳೆ ತುಂಬುವುದನ್ನು ತೋರಿಸಿ. ವಾರ್ಷಿಕ ಆದಾಯ 3 ಲಕ್ಷದೊಳಗಿನ ಕುಟುಂಬಕ್ಕೆ ಮೈಕ್ರೋಫೈನಾನ್ಸ್ ಸಾಲ ಕೊಡುವಾಗ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು ಎಂಬುದು 2022ರ ನಿಯಮ. ತಮ್ಮ ಮನೆಯ ಅಂಕಿ ಕೂಡಿಸಿ ನೋಡಿದವರು ಸಭೆಯಲ್ಲಿ ಏನೂ ಕೇಳುವುದಿಲ್ಲ, ಆಮೇಲೆ ಫೋನ್ ಮಾಡುತ್ತಾರೆ. ಹಾಗಾಗಿ ಸಭೆಯಲ್ಲಿ ಯಾರ ಹಾಳೆಯನ್ನೂ ಕೈಗೆ ತೆಗೆದುಕೊಳ್ಳಬೇಡಿ.

ಕರಪತ್ರದ ಮೂಲೆಯಲ್ಲಿ ಬಡಾವಣೆಗೊಂದು ಅಕ್ಷರ ಅಚ್ಚಾಗಲಿ: ವಿದ್ಯಾನಗರಕ್ಕೆ ‘ವಿ’, ಗೋಕುಲ ರಸ್ತೆಗೆ ‘ಗೋ’. ಕರೆ ಬಂದಾಗ ಅಕ್ಷರ ಕೇಳಿ ಬರೆದಿಡಿ. ಆ ಲೆಕ್ಕ ನೋಡಿಯೇ ಉಳಿದ 6,000 ಖರ್ಚು ಮಾಡಿ. ಪಗಾರ ಆದ ದಿನ ಹಂಚಬೇಡಿ. ಕೈಯಲ್ಲಿ ದುಡ್ಡಿರುವಾಗ ಯಾರೂ ಓದುವುದಿಲ್ಲ, ತಿಂಗಳ ಮೂರನೇ ವಾರ ಓದುತ್ತಾರೆ. ಗೋಡೆ, ಕಂಬಗಳಿಗೆ ಅಂಟಿಸಲೇಬೇಡಿ: 1981ರ ವಿರೂಪ ತಡೆ ಕಾಯ್ದೆಯಡಿ ಅದು ಅಪರಾಧ. ಗೂಗಲ್ ಮ್ಯಾಪ್‌ನಲ್ಲಿ ಕಚೇರಿಯ ಹೆಸರು, ಸಮಯ ಕನ್ನಡದಲ್ಲಿ ಸೇರಿಸಿ, ಅದು ಉಚಿತ. ಆದರೆ ಗಿರಾಕಿಗಳಿಗೆ ‘ರಿವ್ಯೂ ಬರೆಯಿರಿ’ ಎಂದು ಒತ್ತಾಯ ಬೇಡ, ಅಲ್ಲಿ ಅವರ ಹೆಸರು ಕಾಣಿಸುತ್ತದೆ.

ಪ್ರಶ್ನೆ: ಗದಗಿನಲ್ಲಿ ಇದೇ ಕೆಲಸ ಆರಂಭಿಸುತ್ತಿದ್ದೇನೆ. ಜನರನ್ನು ಕಳಿಸುವ ತೆರಿಗೆ ಸಲಹೆಗಾರರಿಗೆ ಕಮಿಷನ್ ಕೊಡಬಹುದೇ?

ಉತ್ತರ: ಬೇಡ. ಆ ಹಣ ಕೊನೆಗೆ ಸಾಲಗಾರನ ಜೇಬಿನಿಂದಲೇ ಬರಬೇಕು. ಬ್ಯಾಂಕು, ಫೈನಾನ್ಸ್ ಕಂಪನಿಗಳಿಂದಲೂ ನೀವು ಕಮಿಷನ್ ಪಡೆಯಬೇಡಿ, ಪಡೆಯುವುದಿಲ್ಲವೆಂದು ಚೀಟಿಯಲ್ಲೇ ಬರೆಯಿರಿ. ತೆರಿಗೆ ಸಲಹೆಗಾರರು, ವಕೀಲರು, ಸೊಸೈಟಿ ಕಾರ್ಯದರ್ಶಿಗಳಿಗೆ ಹತ್ತು ಲೆಕ್ಕದ ಹಾಳೆ ಕೊಟ್ಟು ಬನ್ನಿ, ಮುಗಿದಾಗ ಮತ್ತೆ ಹತ್ತು. ಕೋರ್ಟ್ ನೋಟಿಸ್ ಬಂದವರನ್ನು ನೀವು ವಕೀಲರಿಗೆ ಕಳಿಸಿದರೆ, ಕಂತಿನ ಲೆಕ್ಕ ತಪ್ಪಿದವರನ್ನು ಅವರು ನಿಮ್ಮಲ್ಲಿಗೆ ಕಳಿಸುತ್ತಾರೆ.