ಒಲೆ ಮೇಲಿನ ಮಾಡದಲ್ಲಿದ್ದ ಔಷಧಿ

ರಾಯಚೂರು ತಾಲ್ಲೂಕಿನ ಹಳ್ಳಿಯ ಹೆಣ್ಣುಮಗಳು. ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿದ್ದೇನೆ. ತಗಡಿನ ಮನೆ, ಇಬ್ಬರು ಮಕ್ಕಳು. ಆರು ವರ್ಷದ ದೊಡ್ಡ ಮಗನಿಗೆ ಗಂಟಲು ನೋವು, ಜ್ವರ ಮತ್ತೆ ಬಂದಿತ್ತು. ಹೊಸ ಚೀಟಿ ಬರೆಯುವ ಮೊದಲು, ಹಿಂದಿನ ಔಷಧಿ ಹೇಗೆ ಕುಡಿಸಿದ್ದಳೆಂದು ಕೇಳಿ ತಿಳಿಯಲು ಡಾಕ್ಟರು ಆಕೆಯನ್ನು ನನ್ನ ಹತ್ತಿರ ಕಳಿಸಿದ್ದರು.

ಕೂತ ಕೂಡಲೇ ಅಳು ಬಂತು. "ನಿನ್ನಿಂದನ ಹಿಂಗಾತು ಅಂತ ಅತ್ತಿ ದಿನಾ ಬೈತಾರ್ರಿ ಮೇಡಂ."

ಬಾಟಲಿ ತಂದಿದ್ದೀರಾ ಎಂದೆ. ಚೀಲದಿಂದ ತೆಗೆದು ಕೊಟ್ಟಳು. ಅಮಾಕ್ಸಿಸಿಲಿನ್ ಡ್ರೈ ಸಿರಪ್, ಅಂದರೆ ನೀರು ಬೆರೆಸಿ ಕುಡಿಸುವ ಪುಡಿ. ಬ್ಯಾಕ್ಟೀರಿಯಾ ಕೊಲ್ಲುವ, ಪೆನಿಸಿಲಿನ್ ಗುಂಪಿನ ಔಷಧಿ. ಮುಚ್ಚಳದ ಸುತ್ತ ಅಂಟು, ಅದಕ್ಕೆ ಎರಡು ಸತ್ತ ಇರುವೆ. ತಳದಲ್ಲಿ ಪುಡಿ ಗಟ್ಟಿಯಾಗಿ ಕೂತಿತ್ತು, ಮೇಲೆ ತೆಳ್ಳನೆ ನೀರು. ಜೋರಾಗಿ ಅಲ್ಲಾಡಿಸಿದರೂ ಪುಡಿ ಏಳಲಿಲ್ಲ.

ಕೇಳುತ್ತಾ ಹೋದಂತೆ ಕಥೆ ತಿಳಿಯಿತು. ಅಂಗಡಿಯಲ್ಲಿ "ನೀರು ಹಾಕಿ ಕುಡಿಸ್ರಿ" ಎಂದಷ್ಟೇ ಹೇಳಿದ್ದರು. ಆಕೆ ಕತ್ತಿನವರೆಗೂ ನೀರು ತುಂಬಿದ್ದಳು. ಫ್ರಿಜ್ ಇಲ್ಲ. ಮಕ್ಕಳ ಕೈಗೆ ಸಿಗಬಾರದು ಅಂತ ಒಲೆ ಮೇಲಿನ ಮಾಡದಲ್ಲಿ ಇಟ್ಟಿದ್ದಳು. ಮೂರನೇ ದಿನ ಜ್ವರ ಬಿಟ್ಟಿತು, ಹತ್ತು ದಿನಕ್ಕೆ ಬರೆದಿದ್ದ ಔಷಧಿ ನಿಲ್ಲಿಸಿದಳು. "ಉಳಿದದ್ದು ಮುಂದ ಬೇಕಾಕ್ಕೈತಿ ಅಂತ ಇಟ್ಟಿದ್ದೆ." ಇಪ್ಪತ್ತು ದಿನ ಕಳೆದು ಜ್ವರ ಬಂದಾಗ ಅದನ್ನೇ ಕುಡಿಸಿದ್ದಳು. ನೆಗಡಿಯಾಗಿದ್ದ ಚಿಕ್ಕವನಿಗೂ ಒಂದು ಚಮಚ.

ಇದರಲ್ಲಿ ನಿರ್ಲಕ್ಷ್ಯ ಎಲ್ಲಿದೆ? ಮಕ್ಕಳ ಕೈಗೆ ಸಿಗದಂತೆ ಇಟ್ಟವಳು, ದುಡ್ಡು ಕೊಟ್ಟ ಔಷಧಿ ಚೆಲ್ಲದವಳು. ಅವಳಿಗೆ ಯಾರೂ ಎರಡು ನಿಮಿಷ ಕೂತು ಹೇಳಿರಲಿಲ್ಲ, ಅಷ್ಟೇ. ಇದನ್ನೇ ಅವಳಿಗೆ ಮೊದಲು ಹೇಳಿದೆ. ಆಮೇಲೆ ಔಷಧಿಯ ಮಾತು.

ಪುಡಿಯಾಗಿದ್ದಾಗ ಅದು ಬಾಳುತ್ತದೆ. ನೀರು ಬೆರೆತ ಮೇಲೆ ದಿನದಿಂದ ದಿನಕ್ಕೆ ಶಕ್ತಿ ಕಳೆದುಕೊಳ್ಳುತ್ತದೆ, ಬಿಸಿಗೆ ಇನ್ನೂ ಬೇಗ. ಬೆರೆಸಿದ ಮೇಲೆ ಎಷ್ಟು ದಿನ ಅಂತ ಬಾಟಲಿ ಮೇಲೇ ಇರುತ್ತದೆ, ಸಾಮಾನ್ಯವಾಗಿ 7 ದಿನ, ಕೆಲವಕ್ಕೆ 14. ನಮ್ಮ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ತಗಡಿನ ಕೆಳಗೆ, ಒಲೆ ಮೇಲೆ ಹೇಗಿರುತ್ತೆ ಯೋಚಿಸಿ. ನೀರು ಕಾಯಿಸಿ ಆರಿಸಿದ್ದಾಗಿರಬೇಕು, ಬಾಟಲಿ ಮೇಲಿನ ಗೆರೆಯವರೆಗೆ ಮಾತ್ರ. ಜಾಸ್ತಿ ಹಾಕಿದರೆ ಒಂದೊಂದು ಚಮಚದಲ್ಲೂ ಔಷಧಿ ಕಡಿಮೆ. ಕುಡಿಸುವಾಗೆಲ್ಲ ಅಲ್ಲಾಡಿಸಬೇಕು, ಜೊತೆಗೆ ಬರುವ ಅಳತೆ ಮುಚ್ಚಳದಲ್ಲೇ ಅಳೆಯಬೇಕು.

"ಜ್ವರ ಬಿಟ್ಟಿತ್ತಲ್ರಿ, ಮತ್ಯಾಕ ಹತ್ತು ದಿನ?" ಎಂದಳು. ಒಳ್ಳೆಯ ಪ್ರಶ್ನೆ. ಡಾಕ್ಟರು ಇದನ್ನು ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾದ ಸೋಂಕು ಎಂದಿದ್ದರು. ಜ್ವರ ಇಳಿದರೂ ಅದು ಗಂಟಲಲ್ಲಿ ಉಳಿದಿರಬಹುದು. ಪೂರ್ತಿ ಹೋಗದಿದ್ದರೆ ಕೆಲವು ಮಕ್ಕಳಿಗೆ ಮುಂದೆ ರುಮ್ಯಾಟಿಕ್ ಜ್ವರ, ಅಂದರೆ ಕೀಲು ಮತ್ತು ಹೃದಯವನ್ನು ಬಾಧಿಸುವ ಕಾಯಿಲೆ, ಬಂದು ಹೃದಯದ ಕವಾಟ ಹಾಳಾಗಬಹುದು. ಹೆದರಿಸಲು ಹೇಳಿದ್ದಲ್ಲ, ಹತ್ತು ದಿನದ ಕಾರಣ ಗೊತ್ತಿದ್ದರೆ ನಿಲ್ಲಿಸುವ ಮನಸ್ಸಾಗುವುದಿಲ್ಲ.

ಫ್ರಿಜ್ ಇಲ್ಲ ಅಂತ ಡಾಕ್ಟರಿಗೆ ಹೇಳಿದೆವು. ಅವರು ನೀರಲ್ಲಿ ಕರಗುವ ಗುಳಿಗೆ ಬರೆದುಕೊಟ್ಟರು. ಹೊತ್ತಿಗೊಂದು ಬಿಡಿಸಿ, ಚಮಚ ನೀರಲ್ಲಿ ಕರಗಿಸಿ ಆಗಲೇ ಕುಡಿಸುವುದು. ಉಳಿದದ್ದು ಪಟ್ಟಿಯಲ್ಲೇ ಇರಲಿ, ಒಲೆಯಿಂದ ದೂರ, ತಂಪಾದ ಒಣ ಜಾಗದಲ್ಲಿ, ಮಕ್ಕಳಿಗೆ ಎಟುಕದಂತೆ. ಮೈಮೇಲೆ ದದ್ದು ಎದ್ದರೆ ಗುಳಿಗೆ ನಿಲ್ಲಿಸಿ ತೋರಿಸಿ. ಮುಖ ಊದಿದರೆ, ಉಸಿರು ಕಟ್ಟಿದರೆ ಆಗಿಂದಾಗಲೇ ಆಸ್ಪತ್ರೆಗೆ. ಹಿಂದೆ ಪೆನಿಸಿಲಿನ್ ಆಗಿಬರದಿದ್ದರೆ ಮೊದಲೇ ಹೇಳಬೇಕು.

ಚಿಕ್ಕವನ ನೆಗಡಿ ವೈರಸ್‌ನದು, ಅದಕ್ಕೆ ಈ ಔಷಧಿ ನಾಟುವುದಿಲ್ಲ. ಪ್ರಮಾಣವೂ ಮಗುವಿನ ತೂಕದ ಮೇಲೆ. ಒಬ್ಬರ ಔಷಧಿ ಇನ್ನೊಬ್ಬರಿಗೆ ಬೇಡ ಎಂದೆ.

ಮುಂದಿನ ಸಲ ಅತ್ತೆಯವರನ್ನೂ ಕರೆಸಿಕೊಂಡೆ. ಬೈದದ್ದರ ಮಾತು ಎತ್ತಲಿಲ್ಲ. "ದೊಡ್ಡೋರು ನೀವು, ಲೆಕ್ಕ ನೀವ ಇಡ್ರಿ" ಎಂದೆ. ದಿನಕ್ಕೆ ಎರಡು ಹೊತ್ತು, ಹತ್ತು ದಿನ. ಆ ಅಜ್ಜಿ ಗೋಡೆ ಮೇಲೆ ಇದ್ದಿಲಿನಿಂದ ಗೆರೆ ಎಳೆಯುತ್ತಾ ಹೋದರು. ಹನ್ನೊಂದನೇ ದಿನ ಸೊಸೆ ಖಾಲಿ ಪಟ್ಟಿ ಹಿಡಿದು ಬಂದಳು. ಇಪ್ಪತ್ತು ಗೆರೆ ಆಗಿತ್ತು.